ಐವತ್ತೈದು ಇಂಚಿನ ಅಜ್ಜ

ಅಜ್ಜನ ತುಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಕಿಡಿಯೊಂದು ಹೊತ್ತಿಕೊಂಡಿತ್ತು.

ನಡುಮನೆಯ ಹೊಸ್ತಿಲಲ್ಲಿ ನಿಂತು ನೋಡಿದವರಿಗೆ ಅಜ್ಜ ಬೀಡಿ ಸೇದುತ್ತಿದ್ದಾನೆ ಎಂದೇ ಅನ್ನಿಸಬೇಕು. ತಲೆಗೆ ಪೇಟ, ಹೆಗಲಿಗೆ ಕಂಬಳಿ, ಗಂಟಿಕ್ಕಿದ ಹುಬ್ಬು, ಸುತ್ತಲೂ ಬಾವಿಯಂಥ ಕತ್ತಲು, ಅದರ ನಡುವೆ ಆ ಕಿಡಿ. ಕಿಡಿ ಆರುತ್ತಿರಲಿಲ್ಲ. ಬೀಡಿ ಮುಗಿಯುತ್ತಲೂ ಇರಲಿಲ್ಲ. ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು.

ಇದರಲ್ಲಿ ಭೂತಪ್ರೇತಗಳ ಪಾತ್ರವೇನೂ ಇಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಪೂರ್ತಿ ಹೊಣೆ ನನ್ನದು. ಹೊಸ ಟೀವಿ ಆಯ್ದು ತಂದವಳು ನಾನು, ಅದನ್ನು ಗೋಡೆಗೆ ಹಾಕಿಸಿದವಳು ನಾನು, ಅಲ್ಲಿದ್ದ ಅಜ್ಜನ ಫೋಟೋವನ್ನು ಎದುರುಗೋಡೆಗೆ ಸ್ಥಳಾಂತರಿಸಿದವಳೂ ನಾನೇ. ಟೀವಿ ಆಫ್ ಮಾಡಿದಾಗ ಅದರ ಕಪ್ಪು ಗಾಜಿನಲ್ಲಿ ಎದುರಿನ ಫೋಟೋ ಮೂಡುತ್ತಿತ್ತು. ಗಾಜಿನ ಕೆಳಭಾಗದಲ್ಲಿ ಸದಾ ಉರಿಯುವ ಪುಟ್ಟ ಕೆಂಪು ದೀಪ ಸರಿಯಾಗಿ ತುಟಿಗೆ ಬಂದು ಕೂರುತ್ತಿತ್ತು. ಅಷ್ಟೇ. ಬೆಳಕಿನ ನಿಯಮ.

ಅಷ್ಟೇ ಎಂದು ಈಗ ಬರೆಯುತ್ತಿದ್ದೇನೆ. ಆ ಹೊಸ್ತಿಲಲ್ಲಿ ನಿಂತು ಹೇಳುವ ಧೈರ್ಯ ನನಗೂ ಇರಲಿಲ್ಲ.

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಕುಳಿತು ದೂರದ ಕಂಪನಿಯೊಂದಕ್ಕೆ ಅಂಕಿ ಅಂಶಗಳನ್ನು ಪರಿಶೀಲಿಸಿ ಕೊಡುವುದು ನನ್ನ ಉದ್ಯೋಗ. ಓದಿದ್ದು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಲ್ಯಾಪ್‌ಟಾಪಿನಲ್ಲಿ ಇರುವೆ ಸಾಲಿನಂಥ ಅಂಕಿಗಳನ್ನು ನೋಡಿ ನೋಡಿ ಕಣ್ಣು ಕೆಂಪಾದಾಗ ದೊಡ್ಡ ತೆರೆಯೊಂದನ್ನು ತರುವುದೆಂದು ನಿರ್ಧರಿಸಿದೆ. ಅವ್ವನಿಗೂ ಅಡುಗೆಮನೆ ಬಾಗಿಲಿನಿಂದಲೇ ಧಾರಾವಾಹಿ ಕಾಣಬೇಕಿತ್ತು. ಮೂರನೆಯ ಉಪಯೋಗವೂ ಒಂದಿತ್ತು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನು ಗೇಮ್ ಆಡುತ್ತೇನೆ.

ಕತ್ತಲ ಗುಹೆಗಳಿಗೆ ಇಳಿದು, ನೆಲ ಅಗೆದು, ನಿಧಿ ಹುಡುಕುವ ಆಟ. ದಿನವಿಡೀ ಅಂಕಿಗಳ ನಡುವೆ ಇರುವವರಿಗೆ ಒಂದಿಷ್ಟು ಬಿಡುವು ಬೇಕೆನಿಸುತ್ತದೆ. ನನಗೆ ಆ ಬಿಡುವು ಗುಹೆಯಲ್ಲಿ ಸಿಗುತ್ತಿತ್ತು. ಮದುವೆ ವಯಸ್ಸಿನ ಮಗಳು ಗುಹೆಯಲ್ಲಿ ಗುದ್ದಲಿ ಹಿಡಿದು ನಿಂತಿರುತ್ತಾಳೆಂದು ಅವ್ವನಿಗೆ ವಿವರಿಸುವುದು ಹೇಗೆ? ಹಾಗಾಗಿ ಅದು ಆಫೀಸ್ ಕೆಲಸದ ಖಾತೆಗೇ ಸೇರಿತ್ತು.

ಚಿತ್ರದುರ್ಗದ ಅಂಗಡಿಯಾತ ಒಂದು ಗೋಡೆ ತುಂಬ ಟೀವಿಗಳನ್ನು ಬೆಳಗಿಸಿಟ್ಟಿದ್ದ. ಎಲ್ಲದರಲ್ಲೂ ಒಂದೇ ಹುಲಿ ಒಂದೇ ಸಲಕ್ಕೆ ನನ್ನತ್ತ ತಿರುಗಿ ನೋಡಿತು.

"ಕಂಪ್ಯೂಟರ್ ಕೆಲಸಕ್ಕಾದ್ರೆ ಇದು ತಗೊಳ್ರಿ ಮೇಡಂ. ಬರೀ ಟೀವಿಗಾದ್ರೆ ಅದು ಸಾಕು. ಗೇಮಿಗಾದ್ರೆ ಆ ಕಡೇದು."

"ಮೂರಕ್ಕೂ ಒಂದೇ ಬೇಕು."

"ಗೇಮ್ ಆಡೋರು ಯಾರು, ತಮ್ಮನಾ?"

"ಹೂಂ," ಎಂದೆ. ನನಗೆ ತಮ್ಮನಿಲ್ಲ.

ಸಣ್ಣ ಅಕ್ಷರ ಹತ್ತಿರದಿಂದ ಒಡೆಯಬಾರದು, ಧಾರಾವಾಹಿಯ ಮುಖ ದೂರದಿಂದ ಮಸುಕಾಗಬಾರದು, ಗುಂಡಿ ಒತ್ತಿದ ಕ್ಷಣಕ್ಕೇ ಗುದ್ದಲಿ ಬೀಳಬೇಕು. ಇಷ್ಟೂ ಗುಣಗಳುಳ್ಳ ತೆರೆಗಳು ಎರಡೇ ಉಳಿದವು. ಒಂದಕ್ಕೆ ಹೊಳಪಿಲ್ಲದ ಮುಖ, ಏನೂ ಪ್ರತಿಫಲಿಸದು. ಇನ್ನೊಂದಕ್ಕೆ ಕನ್ನಡಿಯಂಥ ಗಾಜು.

"ಇದ್ರಾಗೆ ಕಪ್ಪು ಅಂದ್ರೆ ಕಪ್ಪು ಮೇಡಂ! ಬಾವಿ ಬಗ್ಗಿ ನೋಡ್ದಂಗೆ!" ಎಂದ ಅಂಗಡಿಯಾತ.

ಗುಹೆಗೆ ಬೇಕಾದದ್ದು ಅದೇ ಕಪ್ಪು. ಸಾಧಕ ಬಾಧಕಗಳನ್ನು ತೂಗಿ, ವಿವೇಚನಾಪೂರ್ವಕವಾಗಿ, ತಪ್ಪಾದದ್ದನ್ನು ಆಯ್ದುಕೊಂಡೆ.

ಮನೆಗೆ ಬಂದು ಟೇಪು ಹಿಡಿದು ಗೋಡೆಯ ಮೇಲೆ ಅಗಲಕ್ಕೆ ಐವತ್ತೈದು ಇಂಚು ಅಳೆದೆ. ಅಜ್ಜನ ಫೋಟೋ ಅಡ್ಡ ಬಂತು.

"ಅವ್ವಾ, ಅಜ್ಜನ ಎದುರುಗಡೆ ಗೋಡೆಗೆ ಹಾಕ್ಲಾ?"

"ಮಾವ ಇಪ್ಪತ್ತು ವರ್ಷ ಆ ಗೋಡೆಗೇ ಒರಗಿ ಕುಂತಿದ್ದು ಕಣೇ. ಅಲ್ಲಿಂದ ಎಬ್ಬಿಸ್ತೀಯಾ?" ಎಂದಳು ಅವ್ವ.

ಎಬ್ಬಿಸಿದೆ. ಟೀವಿ ಬಂತು. ಗೋಡೆಯ ಮೇಲೆ ಕೂತಾಗ ಅದರ ಅಗಲ ಬರೀ ನಲವತ್ತೆಂಟು ಇಂಚು! ಟೀವಿಯ ಇಂಚನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯುತ್ತಾರೆ ಎಂಬುದು ಲಂಬಕೋನ ತ್ರಿಭುಜ ಓದಿದ ಯಾರಿಗಾದರೂ ಹೊಳೆಯಬೇಕಿತ್ತು. ಫೋಟೋ ತೆಗೆಯುವ ಅಗತ್ಯವೇ ಇರಲಿಲ್ಲ. ಅಷ್ಟರಲ್ಲಿ ಎದುರುಗೋಡೆಗೆ ಮೊಳೆ ಹೊಡೆದಾಗಿತ್ತು. ಒಪ್ಪಿಕೊಂಡರೆ ಎಂ.ಎಸ್ಸಿ.ಗೆ ಅವಮಾನವೆಂದು ಸುಮ್ಮನಾದೆ. ಅಂದಿನಿಂದ ಅಜ್ಜ ಟೀವಿಯೊಳಗೆ ಬಂದು ಕೂತ.

ಹಿರಿಯರ ಹಬ್ಬ ಬಂತು. ಅಪ್ಪನಿಗೆ ಹಿರಿಯೂರಿನ ಬಸ್ ಡಿಪೋದಲ್ಲಿ ರಜೆ ಸಿಗಲಿಲ್ಲ. ಬಿ.ದುರ್ಗದಿಂದ ದೊಡ್ಡಪ್ಪ ದೊಡ್ಡಮ್ಮ ಬಂದಿದ್ದರು. ದೊಡ್ಡಪ್ಪ ಈ ಸಲ ಹಬ್ಬಕ್ಕಿಂತ ಹೆಚ್ಚಾಗಿ ಬೋರ್‌ವೆಲ್ಲಿನ ಯೋಚನೆಯಲ್ಲಿದ್ದರು. ಹಟ್ಟಿಯ ಅರ್ಧದಷ್ಟು ಕುರಿ ಮಾರಿ ಒಂದೇ ಒಂದು ಬೋರು ಹಾಕಿಸುವುದೆಂದು ನಿಶ್ಚಯವಾಗಿತ್ತು. ಹೊಲದ ನಡುವೆ ಒಂದು ಆನೆಗಾತ್ರದ ಬಂಡೆ. ಉಪಕರಣ ತಂದು ಪರೀಕ್ಷಿಸಿದ್ದ ಭೂವಿಜ್ಞಾನಿಯೊಬ್ಬರು ಆ ಬಂಡೆಯ ಬಲಕ್ಕೆ ಸುಣ್ಣದ ಗುರುತು ಹಾಕಿ ಹೋಗಿದ್ದರು. ಮಾರನೆಯ ಬೆಳಗ್ಗೆಯೇ ಬೋರ್ ಗಾಡಿ ಬರುವುದಿತ್ತು.

"ನೀರು ಬಿದ್ರೆ ಉಳಿದ ಕುರಿ ಉಳ್ಕಂತವೆ. ಇಲ್ಲಾಂದ್ರೆ ಅವೂ ಸಂತೆಗೆ," ಎಂದರು ದೊಡ್ಡಪ್ಪ. ನಗುತ್ತಲೇ ಹೇಳಿದರು. ಕಣ್ಣು ನಗಲಿಲ್ಲ.

ಅವ್ವ ಮಟನ್ ಸಾರಿಗೆ ಮಸಾಲೆ ರುಬ್ಬುತ್ತಿದ್ದಾಗ ನಾನು "ಆಫೀಸಿನ ತುರ್ತು ಕೆಲಸ" ಮಾಡುತ್ತಿದ್ದೆ. ಎಡೆ ಇಡಲು ಕರೆ ಬಂದಾಗ ರಿಮೋಟಿನಿಂದ ಟೀವಿ ಆಫ್ ಮಾಡಿ, ಗುಹೆಯೊಳಗಿನ ಸಂಪಾದನೆ ಹಾಳಾಗದಿರಲೆಂದು ಲ್ಯಾಪ್‌ಟಾಪನ್ನು ಮುಚ್ಚದೆ ಕೆಳಗಿನ ಹಲಗೆಗೆ ತಳ್ಳಿದೆ. ಅಷ್ಟು ಹೊತ್ತಿಗೆ ಕರೆಂಟೂ ಹೋಯಿತು. ಎಲ್ಲ ಸುರಕ್ಷಿತ ಎಂದುಕೊಂಡೆ.

ದೊಡ್ಡಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಪವೀ, ಮಾವ ಅಲ್ಲಿ ಕುಂತವ್ರಲ್ಲೇ!"

"ಅದು ಫೋಟೋದ ನೆರಳು ದೊಡ್ಡಮ್ಮ."

"ಫೋಟೋದಾಗೆ ಬರೀ ಮುಖ ಐತೆ. ಇಲ್ಲಿ ಜೀವ ಐತೆ. ಮೊನ್ನೆ ದೀಪ ಹಚ್ಚೋವಾಗ ಬೀಡೀನೂ ಸೇದ್ತಿದ್ರು ಅಂತ ನಿಮ್ಮವ್ವನೇ ಅಂದ್ಲು. ಎಡೆ ಇಲ್ಲೇ ಇಡಾಣ."

ಹೀಗೆ ಟೀವಿಯ ಮುಂದೆ ಅಜ್ಜನ ಕಂಬಳಿ ಹಾಸಿ, ಮುದ್ದೆ, ಸಾರು, ಹೋಳಿಗೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಇಟ್ಟರು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ನಡುಮನೆಯ ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗಿನ ಜಗಲಿಯಲ್ಲಿ ಕುಳಿತೆವು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಎಲ್ಲ ಮನೆಗಳ ಬಾಗಿಲೂ ಹೀಗೆಯೇ ಮುಚ್ಚಿದ್ದವು, ಎಲ್ಲ ಜಗಲಿಗಳಲ್ಲೂ ಜನ ಹೀಗೆಯೇ ಮಾತಿಲ್ಲದೆ ಕಾಯುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಇಡೀ ಬೀದಿ ಕಿವಿಗೊಟ್ಟು ಕೂತಂತಿತ್ತು.

ಜಗಲಿಯ ಬಲ್ಬು ಹತ್ತಿಕೊಂಡಿತು. ಕರೆಂಟು ಬಂದಿತ್ತು.

ಒಳಗೆ ಏನೋ "ಟಿಣ್" ಎಂದಿತು, ತಟ್ಟೆಗೆ ಉಗುರು ತಾಗಿದ ಹಾಗೆ.

ಆಮೇಲೆ, ಮುಚ್ಚಿದ ಬಾಗಿಲ ಹಿಂದಿನಿಂದ, ಕಫ ಕಟ್ಟಿದ ಮುದುಕನ ದನಿಯೊಂದು ನಿಧಾನವಾಗಿ ಕೇಳಿತು:

"ಯಾರಾದ್ರೂ ಇದೀರಾ? ನನ್ನ ಮಾತು ಕೇಳಿಸ್ತೈತಾ?"

ಅವ್ವನ ಕೈಯ ನೀರಿನ ಚೊಂಬು ಉರುಳಿತು. ಯಾರೂ ಎತ್ತಲಿಲ್ಲ.

"ಎಲ್ಲಾ ಕತ್ಲೆ. ಏನೂ ಕಾಣ್ತಿಲ್ಲ. ನನ್ನ ಬಿಟ್ಟು ಎಲ್ಲಿಗೆ ಹೋದ್ರಿ ಎಲ್ರೂ?"

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನನ್ನ ಬೆನ್ನಿನಲ್ಲೂ ತಣ್ಣಗೆ ಏನೋ ಇಳಿಯಿತು. ಅದು ಕುತ್ತಿಗೆಯಿಂದ ಸೊಂಟದವರೆಗೆ ಇಳಿಯುವಷ್ಟರಲ್ಲಿ ಆ ದನಿಯ ಗುರುತು ನನಗೆ ಹತ್ತಿತು. ಆಗ ನಿಜವಾಗಿ ಹೆದರಿದೆ!

ಅದು ರೇಖಾ. ಹಿರಿಯೂರಿನ ಕಾಲೇಜೊಂದರ ಉಪನ್ಯಾಸಕಿ, ಎಂ.ಎಸ್ಸಿ.ಯಲ್ಲಿ ನನ್ನ ಸಹಪಾಠಿ, ಈಗ ಗುಹೆಯಲ್ಲಿ ನನ್ನ ಜೊತೆಗಾತಿ. ಆಟದಲ್ಲಿ ಹೆಣ್ಣಿನ ದನಿ ಕೇಳಿಸಿದರೆ ಗುರುತು ಪರಿಚಯವಿಲ್ಲದವರ ಕಾಟ ಶುರುವಾಗುತ್ತದೆ. ಅದಕ್ಕೆ ನಾನು ಮಾತಾಡುವುದೇ ಇಲ್ಲ, ಟೈಪ್ ಮಾಡುತ್ತೇನೆ. ರೇಖಾ ದನಿ ಬದಲಾಯಿಸುವ ಸೌಲಭ್ಯ ಹಾಕಿಕೊಂಡು ಮಾತಾಡುತ್ತಾಳೆ. ಅದರಲ್ಲಿ ರಾಕ್ಷಸ, ಮಗು, ರೋಬೋ ಎಲ್ಲ ಇವೆ. ಅವಳು ಆರಿಸಿಕೊಂಡದ್ದು "ಮುದುಕ". ಕರೆಂಟು ಬಂದ ಕೂಡಲೇ ಟೀವಿ ತಾನಾಗಿಯೇ ಹತ್ತಿ, ಇಂಟರ್ನೆಟ್ ಕೂಡಿಕೊಂಡು, ಅವಳನ್ನು ನಮ್ಮ ನಡುಮನೆಗೆ ಕರೆತಂದಿತ್ತು.

ಈಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ.

"ಮದ್ದು ಐತಾ ಯಾರತ್ರನಾದ್ರೂ? ಜೀವ ಹೋಗ್ತೈತೆ ನಂದು," ಎಂದಿತು ಒಳಗಿನ ದನಿ.

"ಬಿ.ಪಿ. ಮಾತ್ರೆ ಇಟ್ಟಿಲ್ಲ ಕಣೇ ಎಡೇಲಿ!" ದೊಡ್ಡಮ್ಮ ಅವ್ವನ ರಟ್ಟೆ ಹಿಡಿದು ಅಲುಗಾಡಿಸಿದರು. "ಬದುಕಿದ್ದಾಗಲೂ ಮರಿತಿದ್ದೆ, ಸತ್ತ ಮೇಲೂ ಮರ್ತೆ!"

"ನಾನೆಲ್ಲಕ್ಕಾ ಮರಿತಿದ್ದೆ? ಅವ್ರೇ ನುಂಗ್ತಿರ್ಲಿಲ್ಲ!"

ಹೀಗೆ ಜಗಳ ಹತ್ತಿಕೊಂಡಾಗ ದೊಡ್ಡಪ್ಪ ಎದ್ದು ಬಾಗಿಲ ಬಳಿ ಹೋದರು. ಅರವತ್ತು ದಾಟಿದ ಮನುಷ್ಯ ಬಾಗಿಲಿಗೆ ಹಣೆಯಿಟ್ಟು ಕೇಳಿದರು:

"ಅಪ್ಪಾ, ನಾನು ತಿಪ್ಪೇಶಿ. ನಾಳೆ ಬೋರ್ ಗಾಡಿ ಬರ್ತೈತೆ. ಎಲ್ಲಿ ಹಾಕಿಸ್ಲಿ? ಎಲ್ಲಿ ಐತಪ್ಪಾ ನೀರು?"

ನಾನು ಕೈಮುಗಿದು ಪ್ರಾರ್ಥಿಸಿದೆ. ದೇವರನ್ನಲ್ಲ, ರೇಖಾಳನ್ನು.

"ಎಡಕ್ಕೆ," ಎಂದಿತು ದನಿ. "ಕಲ್ಲಿನ ಎಡಕ್ಕೆ ಅಗಿ! ಕೆಳಗೆ ನೀರೈತೆ, ಹುಷಾರು!"

ದೊಡ್ಡಪ್ಪ ಹಣೆ ಎತ್ತಲೇ ಇಲ್ಲ.

ನಾನು ಜಗಲಿಯ ಕಂಬದ ಮರೆಗೆ ಸರಿದು, ರೇಖಾಳಿಗೆ ಸಂದೇಶ ಕಳಿಸಿದೆ: "ಮಾತಾಡಬೇಡ. ತಕ್ಷಣ ಹೋಗು." ರೇಖಾ ಸಭ್ಯಸ್ಥೆ. ಹೇಳದೆ ಕೇಳದೆ ಹೋಗುವವಳಲ್ಲ.

"ಸರಿ, ನಾನು ಹೋಗ್ತೀನಿ," ಎಂದಿತು ಮುದುಕನ ದನಿ, ಸ್ವಲ್ಪ ಬೇಸರದಿಂದ. "ನಾಳೆ ಬೆಳಗ್ಗೆ ಬರ್ತೀನಿ."

ಮೂವರೂ ಬಾಗಿಲಿಗೆ ಅಡ್ಡಬಿದ್ದರು. ನಿಂತೇ ಇದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ಬಿದ್ದೆ!

ಬಾಗಿಲು ತೆರೆಯುವಷ್ಟರಲ್ಲಿ, ಆಡುವವರಿಲ್ಲದೆ ಟೀವಿ ತಾನಾಗಿಯೇ ಆರಿ, ತೆರೆ ಮತ್ತೆ ಕಪ್ಪಾಗಿತ್ತು. ಅಜ್ಜ ಪೇಟ ಕಟ್ಟಿಕೊಂಡು, ತುಟಿಯಲ್ಲಿ ಕಿಡಿಯಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದ.

ಊಟಕ್ಕೆ ಕುಳಿತಾಗ ದೊಡ್ಡಪ್ಪ ಬೋರ್ ಗಾಡಿಯವನಿಗೆ ಫೋನು ಮಾಡಿ, ಪಾಯಿಂಟ್ ಬದಲಾಗಿದೆ, ಬಂಡೆಯ ಎಡಕ್ಕೆ ಎಂದು ಹೇಳಿಯೂಬಿಟ್ಟರು. ಎಡಕ್ಕೆ ಬರೀ ಗಟ್ಟಿ ಬಂಡೆ, ಹನಿ ನೀರೂ ಇಲ್ಲ ಎಂದು ಭೂವಿಜ್ಞಾನಿ ಕಂಡಾಪಟ್ಟೆ ಒತ್ತಿ ಹೇಳಿದ್ದರು. ನನ್ನ ಗುಹೆಗೆ ಹಟ್ಟಿಯ ಕುರಿಗಳು ಒಂದೊಂದಾಗಿ ಇಳಿಯುವುದು ಕಣ್ಣಿಗೆ ಕಟ್ಟಿತು. ಮುದ್ದೆಯ ತುತ್ತನ್ನು ತಟ್ಟೆಗೆ ಇಳಿಸಿದೆ.

"ದೊಡ್ಡಪ್ಪ," ಎಂದೆ. "ಅದು ಅಜ್ಜ ಅಲ್ಲ. ನನ್ನ ಸ್ನೇಹಿತೆ. ನಾನು ಗೇಮ್ ಆಡ್ತೀನಿ."

ಸಾರು ಬಡಿಸುತ್ತಿದ್ದ ಅವ್ವ ಸೌಟನ್ನು ಪಾತ್ರೆಗೆ ಇಳಿಸಿದಳು.

"ಹಂಗಾದ್ರೆ ಆ ಟೀವಿ ಆಫೀಸ್ ಕೆಲಸಕ್ಕಲ್ವಾ?" ಎಂದಳು ಅವ್ವ. ಸತ್ತ ಮಾವ ಮಾತಾಡಿದ್ದಕ್ಕಿಂತ ಅವಳಿಗೆ ಇದು ದೊಡ್ಡ ಆಘಾತವಾಗಿತ್ತು.

ಸಾಕ್ಷಿಗೆಂದು ರೇಖಾಳಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ನಮಸ್ಕಾರ ಅಂಕಲ್," ಎಂದಳು ತನ್ನ ಕೊಳಲಿನಂಥ ದನಿಯಲ್ಲಿ. "ಪವಿ ಲ್ಯಾಪ್‌ಟಾಪಿನ ಮೈಕಿನಾಗೆ ಯಾರೋ 'ಎಲ್ಲಿ' ಅಂದಂಗಾಯ್ತು. ಪವಿನೇ ಮೊದ್ಲನೇ ಸಲ ಮಾತಾಡ್ತಾ ಅವ್ಳೆ, ಅವ್ಳೂ ಗಂಡಸಿನ ದನಿ ಹಾಕ್ಕಂಡವ್ಳೆ ಅನ್ಕಂಡೆ. ಅದಕ್ಕೇ ಎಲ್ಲಿ ಅಗೀಬೇಕು ಅಂತ ಹೇಳ್ದೆ."

"ಈ ಗಂಟಲೆಲ್ಲಿ, ಮಾವನ ಗಂಟಲೆಲ್ಲಿ!" ಎಂದರು ದೊಡ್ಡಮ್ಮ. "ನಮ್ಮನ್ನ ಸಮಾಧಾನ ಮಾಡಾಕೆ ಸುಳ್ಳು ಹೇಳಿಸ್ತಾ ಅವ್ಳೆ ಹುಡುಗಿ."

ಕೊನೆಯ ಅಸ್ತ್ರವೆಂದು ಎಲ್ಲರನ್ನೂ ನಡುಮನೆಗೆ ಕರೆದೊಯ್ದು, ಟೀವಿ ಹಾಕಿ, ಗುಹೆ ತೆರೆದು, ರೇಖಾಳನ್ನು ಮುದುಕನ ದನಿಯಲ್ಲಿ ಮಾತಾಡಿಸಿದೆ. ಕತ್ತಲ ಗುಹೆಯಲ್ಲಿ ಪಂಜು ಹಿಡಿದ ಆಕೃತಿಯೊಂದು ನಿಧಾನವಾಗಿ ನಮ್ಮತ್ತ ತಿರುಗಿ ಗೊಗ್ಗರು ದನಿಯಲ್ಲಿ ಹೇಳಿತು:

"ನಮಸ್ಕಾರ. ನಾನು ರೇಖಾ."

"ಅಯ್ಯೋ ಶಿವನೇ!" ದೊಡ್ಡಮ್ಮ ಕಿರುಚಿದರು. "ಮಾವ ಆ ಹುಡುಗಿ ಮೈಮೇಲೆ ಬಂದುಬಿಟ್ಟವ್ರೆ!"

ಆಟವನ್ನು ನಿಲ್ಲಿಸಿದೆ. ದೊಡ್ಡಪ್ಪ ಮಾತ್ರ ಎಲ್ಲವನ್ನೂ ಶಾಂತವಾಗಿ ನೋಡಿದ್ದರು. ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ನೀನು ಹೇಳೋದು ಸುಳ್ಳಲ್ಲ ತಾಯಿ. ಆ ಹುಡುಗಿನೇ ಮಾತಾಡಿರ್ಬೇಕು. ಆದ್ರೆ ಅಪ್ಪ ಮಾತಾಡ್ಬೇಕಂದ್ರೆ ಯಾರ್ದಾದ್ರೂ ಬಾಯಿ ಬೇಕಲ್ಲ. ಅವನ್ ಬಾಯಿ ಈಗ ಎಲ್ಲೈತೆ? ನಾನು ನೀರು ಎಲ್ಲಿ ಅಂತ ಕೇಳಿದ್ ಹೊತ್ತಿಗೇ ನೀರೈತೆ ಅಂತ ಆ ಹುಡುಗಿಗೆ ಯಾಕೆ ಬಾಯಿಗೆ ಬಂತು? ಹೇಳು."

ಕಾಕತಾಳೀಯದ ಸಂಭವನೀಯತೆಯ ಬಗ್ಗೆ ನಾನು ಒಂದು ಪೂರ್ತಿ ಸೆಮಿಸ್ಟರ್ ಓದಿದ್ದೇನೆ. ಎಡೆಯ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಒಟ್ಟಿನಲ್ಲಿ, ವರ್ಷಗಳಿಂದ ಕಾಪಾಡಿದ್ದ ಗುಟ್ಟು ಹೋಯಿತು. ಬೋರಿನ ಜಾಗ ಒಂದಿಂಚೂ ಕದಲಲಿಲ್ಲ. ನಿಜ ಹೇಳಿದ್ದರಿಂದ ಆದ ಏಕೈಕ ಪರಿಣಾಮವೆಂದರೆ, ಸಂಜೆಯ ಹೊತ್ತಿಗೆ ಪಕ್ಕದ ಮನೆಯವರು ಬಂದು, ಅವರ ತೀರಿಹೋದ ಅತ್ತೆಗೂ ಒಂದು ಕನೆಕ್ಷನ್ ಸಿಗುತ್ತದೆಯೇ ಎಂದು ಕೇಳಿದ್ದು.

ಮಾರನೆಯ ಬೆಳಗ್ಗೆ ದೊಡ್ಡಪ್ಪ ದೊಡ್ಡಮ್ಮನ ಜೊತೆ ನಾನೂ ಬಿ.ದುರ್ಗಕ್ಕೆ ಹೋದೆ. ಹೊಲದ ಮೇಲೆ ಮಂಜು ಮೊಣಕಾಲಿನವರೆಗೆ ಹರಡಿತ್ತು. ಅದರ ಆಚೆ ಬಂಡೆ, ಕುಕ್ಕರಗಾಲಿನಲ್ಲಿ ಕೂತ ಯಾರೋ ದೊಡ್ಡವರಂತೆ. ಬೋರ್ ಗಾಡಿ ಆಗಲೇ ಬಂದು ಎಡಕ್ಕೆ ನಿಂತಿತ್ತು. ಅದರ ಚಾಲಕ ಬಂಡೆಯನ್ನೂ ಮೊದಲಿನ ಸುಣ್ಣದ ಗುರುತನ್ನೂ ನೋಡಿ ತಲೆ ಕೆರೆದುಕೊಂಡ.

"ಎಡ ಅಂದ್ರೆ ಇದೇ ಎಡನಾ ಯಜಮಾನ್ರೇ? ಕನ್‌ಫರ್ಮಾ?"

ಆಗ ನನಗೆ ಹೊಳೆಯಿತು.

"ದೊಡ್ಡಪ್ಪ," ಎಂದೆ. "ಎಡ ಅಂದದ್ದು ಅಜ್ಜ. ಆದ್ರೆ ಯಾರ ಎಡ?"

"ಅಂದ್ರೆ?"

"ಅಜ್ಜ ಟೀವಿಯೊಳಗೆ ನಮ್ಮ ಕಡೆಗೆ ಮುಖ ಮಾಡಿ ಕೂತಿದ್ದ. ನಾವು ಅವನ ಕಡೆಗೆ ಮುಖ ಮಾಡಿದ್ವಿ. ಅವನ ಎಡ ಅಂದ್ರೆ ನಮ್ಮ..."

ದೊಡ್ಡಪ್ಪ ತಮ್ಮ ಎರಡೂ ಕೈಗಳನ್ನು ಎತ್ತಿ ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿಕೊಂಡರು. ಹುಬ್ಬು ಗಂಟಿಕ್ಕಿತು, ಥೇಟ್ ಫೋಟೋದ ಹಾಗೆ.

"ಹೌದು ಕಣ್ರೀ!" ಎಂದರು ದೊಡ್ಡಮ್ಮ. "ಮಾವ ನಮ್ ಕಡೆಗೇ ನೋಡ್ತಿದ್ರು! ಅವ್ರ ಎಡ ನಮ್ಗೆ ಬಲ! ಥೂ, ಆಗ್ಲೇ ತಪ್ಪಾಗ್ತಿತ್ತಲ್ರೀ!"

"ಬಾಯಲ್ಲಿ ಹೇಳಿದ್ರೆ ನಂಗೆ ತಿಳಿಯಲ್ಲ," ಎಂದರು ದೊಡ್ಡಪ್ಪ. "ಅಪ್ಪ ಹೆಂಗ್ ಕುಂತಿದ್ದ, ನಿಂತು ತೋರ್ಸು ತಾಯಿ."

ಸತ್ಯಕ್ಕೆ ಸೋಲದ ಮನುಷ್ಯ ರೇಖಾಗಣಿತಕ್ಕೆ ಸೋಲುವುದರಲ್ಲಿದ್ದರು. ಹಿಂಜರಿಯುವ ಹೊತ್ತಲ್ಲ. ಮಂಜಿನಲ್ಲಿ ನಡೆದು ಹೋಗಿ ಬಂಡೆಗೆ ಬೆನ್ನು ಒರಗಿಸಿ, ಎಲ್ಲರ ಕಡೆ ಮುಖ ಮಾಡಿದೆ. ಅಷ್ಟು ಚಳಿಯಲ್ಲೂ ಕಲ್ಲು ಬೆಚ್ಚಗಿತ್ತು, ಇಷ್ಟು ಹೊತ್ತು ಯಾರೋ ಒರಗಿ ಕೂತು ಈಗಷ್ಟೇ ಎದ್ದು ಹೋದ ಹಾಗೆ. ಅದಕ್ಕೂ ಏನಾದರೊಂದು ನಿಯಮ ಇದ್ದೀತು. ಆ ಕ್ಷಣಕ್ಕೆ ನೆನಪಾಗಲಿಲ್ಲ.

ಎಡಗೈ ಎತ್ತಿ ಸುಣ್ಣದ ಗುರುತಿನ ಕಡೆ ನೇರವಾಗಿ ಚಾಚಿದೆ.

ದೊಡ್ಡಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಚಾಲಕನಿಗೆ ಕೈಸನ್ನೆ ಮಾಡಿದರು. ಗಾಡಿ ಗುರುಗುಟ್ಟುತ್ತ ಹಿಂದಕ್ಕೆ ಸರಿದು, ಬಂಡೆಯನ್ನು ಸುತ್ತಿಕೊಂಡು ಬಲಕ್ಕೆ ಹೊರಟ ಮೇಲೆ ನಾನು ಕೈ ಇಳಿಸಲು ನೋಡಿದೆ.

"ಮೇಡಂ, ಅಲ್ಲಾಡ್ಬೇಡ್ರಿ!" ಚಾಲಕ ಕಿಟಕಿಯಿಂದ ಕೂಗಿದ. "ಗಾಡಿ ಮೇಲಿಂದ ಮಂಜಿನಾಗೆ ಗುರ್ತು ಕಾಣ್ತಿಲ್ಲ. ನಿಮ್ ಕೈ ನೋಡ್ಕಂಡೇ ನಿಲ್ಲಿಸ್ತೀನಿ."

ಅಲ್ಲಾಡಲಿಲ್ಲ. ದೊಡ್ಡಮ್ಮ ಹತ್ತಿರ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಲ ಬಳಿ ತೆಂಗಿನಕಾಯಿ ಒಡೆದರು. ಮೂರು ಉಪಯೋಗಕ್ಕೂ ಒಂದೇ ಸಾಕೆಂದು ಚಿತ್ರದುರ್ಗದ ಅಂಗಡಿಯಲ್ಲಿ ಅಷ್ಟೊಂದು ವಿಚಾರ ಮಾಡಿ ಟೀವಿ ಆರಿಸಿದ ನಾನು, ಅಜ್ಜನನ್ನು ತೋರಿಸುವ ನಾಲ್ಕನೆಯ ಉಪಯೋಗಕ್ಕೆ ನಾನೇ ಟೀವಿಯಾಗಿ ನಿಂತಿದ್ದೆ!